ಶಿನಾಗಾವಾದಲ್ಲಿ ಒಮ್ಮೆ ಇಳೀರಿ

ಜಪಾನ್ ಟೂರಿನ ವಿಡಿಯೋಗಳೇ ಈಗ ಫೋನ್ ತುಂಬಾ. ಒಬ್ಬರೇ ಹೋಗ್ತಾರೆ, ಬುಲೆಟ್ ಟ್ರೈನ್ ಹತ್ತುತಾರೆ. ಟೋಕಿಯೋ, ಕ್ಯೋಟೋ, ಒಸಾಕಾ. ರಾಮೆನ್, ಸುಶಿ, ವಾಗ್ಯು ಬೀಫ್. ಕೊನೆಗೊಂದು ಮಾತು: "ಎಷ್ಟು ಶಿಸ್ತು ಗುರೂ, ಅಲ್ಲಿ ಜಾತಿಗೀತಿ ಇಲ್ಲ." ಆ ಕೊನೇ ಮಾತಿಗೆ ನನ್ನ ತಕರಾರು.

ಅದೇ ರೈಲು ಟೋಕಿಯೋ ಬಿಟ್ಟ ಮೇಲೆ ಮೊದಲು ನಿಲ್ಲೋದು ಶಿನಾಗಾವಾದಲ್ಲಿ. ಸ್ಟೇಷನ್ ಪಕ್ಕದಲ್ಲೇ ನಗರದ ದೊಡ್ಡ ಮಾಂಸದ ಮಾರುಕಟ್ಟೆ, ಕಸಾಯಿಖಾನೆ. ಅಲ್ಲಿನ ಕೆಲಸಗಾರರಿಗೆ ಬಂದ ಬೈಗುಳದ ಪತ್ರಗಳನ್ನು ಅಲ್ಲೇ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಯಾಕೆ ಬೈಗುಳ? ದನ ಕೊಯ್ಯೋದು, ಚರ್ಮ ಹದ ಮಾಡೋದು ಬುರಾಕು ಜನರ ಕೆಲಸ ಅಂತ. 1871ರಲ್ಲೇ ಸರ್ಕಾರ ಕೀಳು ಹೆಸರುಗಳನ್ನು ರದ್ದು ಮಾಡಿತ್ತು. ಆದರೂ 1975ರಲ್ಲಿ ಬಯಲಾಯ್ತು: ಬುರಾಕು ಕೇರಿಗಳ ಪಟ್ಟಿಯನ್ನೇ ಪುಸ್ತಕ ಮಾಡಿ ಕಂಪನಿಗಳಿಗೆ ಮಾರ್ತಿದ್ದರು, ಕೆಲಸ ಕೇಳಿ ಬಂದವರ ಊರು ನೋಡಿ ಅರ್ಜಿ ಪಕ್ಕಕ್ಕಿಡೋಕೆ. ದಿನಾ ಅರ್ಜಿ ಜೋಡಿಸೋ ಗುಮಾಸ್ತನಿಗೆ ಇದನ್ನ ಬಿಡಿಸಿ ಹೇಳಬೇಕಾ? ಸರ್‌ನೇಮ್ ಬದಲು ಅಡ್ರೆಸ್ಸು, ಅಷ್ಟೇ.

ಕ್ಯೋಟೋದಲ್ಲಿ ದೇವಸ್ಥಾನ ನೋಡಿ, ಬೇಡ ಅನ್ನಲ್ಲ. ಬುರಾಕು ಜನ ತಾವೇ ಕಟ್ಟಿದ ಸುಯಿಹೇಶಾ ಸಂಘಟನೆ 1922ರ ಮಾರ್ಚ್ 3ರಂದು ಹುಟ್ಟಿದ್ದೂ ಅದೇ ಊರಲ್ಲಿ. ಬಾಬಾಸಾಹೇಬರ ಮಹಾಡ್ ಸತ್ಯಾಗ್ರಹಕ್ಕಿಂತ ಐದು ವರ್ಷ ಮೊದಲು. ಅವರ ಕಪ್ಪು ಬಾವುಟದ ಮೇಲೆ ಕೆಂಪು ಮುಳ್ಳಿನ ಕಿರೀಟ.

ಒಸಾಕಾದಲ್ಲಿ ಕಾಸು ಉಡೋನ್ ಸಿಗುತ್ತೆ. ದನದ ಕರುಳನ್ನು ಗರಿಗರಿ ಕರಿದು ನೂಡಲ್ಸ್ ಸಾರಿಗೆ ಹಾಕ್ತಾರೆ. ಬುರಾಕು ಕೇರಿಯ ಅಡುಗೆ, ಈಗ ಹೋಟೆಲ್ ಐಟಂ. ಇಲ್ಲಿ ನಮ್ಮ ಬೋಟಿ ಅಂದ್ರೆ ಮೂಗು ಮುಚ್ಚೋರು ಅಲ್ಲಿ 'ಲೋಕಲ್ ಸ್ಪೆಷಲ್' ಅಂತ ಫೋಟೋ ಹಾಕ್ತಾರೆ. ಹಾಕಲಿ. ಯಾರ ಅಡುಗೆ ಅಂತಲೂ ಎರಡು ಸಾಲು ಬರೀಲಿ.