ಹಿಮದ ಬಂಡಿ, ಡಾಂಬರಿನ ಬೀದಿ

ಓಟದ ಬಂಡಿ ಎಂದೊಡನೆ ನಮ್ಮ ತರುಣರ ಕಣ್ಣು ಎಂಜಿನ್ನಿನ ಕಡೆಗೆ ಹೊರಳುತ್ತದೆ. ಎಷ್ಟು ಸಿ.ಸಿ., ಎಷ್ಟು ಅಶ್ವಶಕ್ತಿ, ಎಷ್ಟು ಸದ್ದು ಎಂಬ ಮೂರು ಪ್ರಶ್ನೆಗಳಲ್ಲಿ ಅವರ ವಿಚಾರ ಮುಗಿದುಹೋಗುತ್ತದೆ. ವೇಗವಾದರೋ ಬಲಕ್ಕಿಂತ ಹೆಚ್ಚಾಗಿ ಹೊಂದಿಕೆಯ ಫಲ. ಈ ಮಾತನ್ನು ಮನದಟ್ಟು ಮಾಡಿಕೊಡಬಲ್ಲ ಒಂದು ವಿಚಿತ್ರ ವಾಹನವುಂಟು. ಅದು ಹುಟ್ಟಿದ್ದು ಹಿಮದ ಮೇಲೆ ಓಡಲು. ಅಮೆರಿಕ, ಕೆನಡಾಗಳಲ್ಲಿ ಬೇಸಗೆ ಬಂದಾಗ ಅದನ್ನು ಡಾಂಬರಿನ ಮೇಲೆ ಓಡಿಸಿ ಪಂದ್ಯ ಕಟ್ಟುವವರಿದ್ದಾರೆ.

ಈ ಹಿಮದ ಬಂಡಿಯ ಹಿಂದೆ ಒಂದು ಕರುಣ ಕಥೆಯಿದೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಎಂಬ ಮೆಕ್ಯಾನಿಕ್ ಇದ್ದನು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗುವಿಗೆ ಹೊಟ್ಟೆಯ ಬೇನೆ ವಿಷಮಿಸಿತು. ಹಿಮ ಬಿದ್ದು ದಾರಿಗಳೆಲ್ಲ ಮುಚ್ಚಿದ್ದುದರಿಂದ ಆಸ್ಪತ್ರೆಗೆ ಒಯ್ಯುವ ಬಗೆಯಿಲ್ಲದೆ ಮಗು ತೀರಿಕೊಂಡಿತು. ಹಿಮದಲ್ಲಿ ಓಡುವ ವಾಹನಕ್ಕಾಗಿ ಮೊದಲೇ ಶ್ರಮಿಸುತ್ತಿದ್ದ ಆ ತಂದೆ ಆಮೇಲೆ ಪ್ರಯತ್ನವನ್ನು ಬಿಡಲಿಲ್ಲ. 1959ರಲ್ಲಿ ಅವನ ಕಾರ್ಖಾನೆಯಿಂದ ‘ಸ್ಕೀ-ಡೂ’ ಎಂಬ ಹಗುರ ಬಂಡಿ ಹೊರಬಂದಿತು. ಮುಂದೆ ಎರಡು ಜಾರುಹಲಗೆ, ಹಿಂದೆ ಚಕ್ರದ ಬದಲು ಸುತ್ತುವ ಅಗಲವಾದ ರಬ್ಬರು ಪಟ್ಟಿ. ಇದು ಅದರ ರೂಪ.

ಇಂಥ ಬಂಡಿಯನ್ನು ಡಾಂಬರಿಗೆ ತಂದರೆ ಏನಾಗುತ್ತದೆ? ಹಲಗೆಗಳು ಜಾರುವುದಿಲ್ಲ, ಅವುಗಳ ಕೆಳಗೆ ಪುಟ್ಟ ಗಾಲಿಗಳನ್ನು ಜೋಡಿಸಬೇಕು. ಪಟ್ಟಿಯ ಒಳಗಿನ ಜಾರುಪಟ್ಟಿಗಳಿಗೆ ಹಿಮವೇ ಎಣ್ಣೆಯಿದ್ದಂತೆ. ಅದಿಲ್ಲದಿದ್ದರೆ ಅವು ಕಾದು ಕರಗುತ್ತವೆ. ಆದುದರಿಂದ ಅಲ್ಲಿಯೂ ಗಾಲಿಗಳೇ ಭಾರ ಹೊರಬೇಕು. ಹಲವು ಬಂಡಿಗಳಲ್ಲಿ ಪಟ್ಟಿ ಎರಚುವ ಹಿಮವೇ ಎಂಜಿನ್ನಿನ ನೀರನ್ನು ತಂಪಾಗಿಡುತ್ತದೆ. ಡಾಂಬರಿನ ಮೇಲೆ ಆ ತಂಪೂ ಇಲ್ಲ. ಒಂದು ಓಟ ಮುಗಿದೊಡನೆ ತಣ್ಣೀರು ಹಾಯಿಸಿ ಎಂಜಿನ್ನನ್ನು ತಣಿಸಿಯೇ ಮುಂದಿನ ಓಟಕ್ಕೆ ಇಳಿಯಬೇಕು.

ಕಣ್ಣಿಗೆ ಕಾಣದ ಬದಲಾವಣೆ ಗಾಳಿಯದು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಗಾಳಿ ದಟ್ಟವಾಗಿರುತ್ತದೆ. 30 ಡಿಗ್ರಿಯ ಬೇಸಗೆಯಲ್ಲಿ ಅದು ಸುಮಾರು ಆರರಲ್ಲೊಂದು ಪಾಲು ತೆಳುವಾಗುತ್ತದೆ. ಚಳಿಗಾಲಕ್ಕೆಂದು ಅಳೆದಿಟ್ಟ ಪೆಟ್ರೋಲು ಬೇಸಗೆಯಲ್ಲಿ ಅತಿಯಾಗಿ ಎಂಜಿನ್ ಉಸಿರುಗಟ್ಟುತ್ತದೆ. ಕಾರ್ಬೊರೇಟರಿನ ಜೆಟ್ಟನ್ನು ಚಿಕ್ಕದು ಮಾಡದೆ ಗತಿಯಿಲ್ಲ.

ಇನ್ನು ಬಲವನ್ನು ಪಟ್ಟಿಗೆ ಸಾಗಿಸುವ ಬಗೆ. ಗೇರುಗಳ ಬದಲು ಅಲ್ಲಿರುವುದು ಒಂದು ಬೆಲ್ಟು ಮತ್ತು ತಮ್ಮ ಅಗಲವನ್ನು ತಾವೇ ಬದಲಿಸಿಕೊಳ್ಳುವ ಎರಡು ರಾಟೆಗಳು. ಎಂಜಿನ್ ವೇಗವಾಗಿ ತಿರುಗಿದಂತೆ ಮುಂದಿನ ರಾಟೆಯೊಳಗಿನ ತೂಕಗಳು ಹೊರಕ್ಕೆ ಚಿಮ್ಮಿ ಬೆಲ್ಟನ್ನು ಮೇಲಕ್ಕೆ ಒತ್ತುತ್ತವೆ. ಸ್ಪ್ರಿಂಗು ಅದನ್ನು ತಡೆಯುತ್ತದೆ. ತೂಕ ಹೆಚ್ಚಾದರೆ ಎಂಜಿನ್ ಮುಗ್ಗರಿಸುತ್ತದೆ. ಕಡಿಮೆಯಾದರೆ ಬರಿದೇ ಕಿರುಚುತ್ತದೆ. ಎಂಜಿನ್ ಯಾವ ಸುತ್ತಿನಲ್ಲಿ ಅತಿ ಹೆಚ್ಚು ಬಲ ಕೊಡುವುದೋ ಅದೇ ಸುತ್ತಿನಲ್ಲಿ ಮೊದಲಿನಿಂದ ಕಡೆಯವರೆಗೆ ನಿಲ್ಲುವಂತೆ ತೂಕ, ಸ್ಪ್ರಿಂಗುಗಳನ್ನು ಹೊಂದಿಸುವವನೇ ಜಾಣ. ಇದು ದೂರದ ವಿದ್ಯೆಯೇನೂ ಅಲ್ಲ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಿಂದ ಹಿಡಿದು ಇಂದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ನಿಲ್ಲುವ ಗೇರಿಲ್ಲದ ಪೆಟ್ರೋಲ್ ಸ್ಕೂಟರುಗಳವರೆಗೆ ಎಲ್ಲದರ ಹೊಟ್ಟೆಯಲ್ಲಿಯೂ ಇದೇ ತತ್ತ್ವ ಅಡಗಿದೆ.

ನಮ್ಮ ಸೀಮೆಯಲ್ಲಿ ಹಿಮವಿಲ್ಲ. ಆದರೆ ಅದೇ ಜಾತಿಯ ಎರಡು ಸ್ಟ್ರೋಕಿನ ಎಂಜಿನ್ನಿಗೆ ಮನಸೋತವರಿಗೆ ಕೊರತೆಯಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯನ್ನೂ, 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಬೈಕನ್ನೂ ಇಂದಿಗೂ ಮಗುವಿನಂತೆ ಸಾಕುವವರುಂಟು. ಆ ಯಮಹಾ ಎಂಜಿನ್ನಿನ ಅಳತೆ 98 ಸಿ.ಸಿ. ಮಾತ್ರ. ಅದನ್ನು ನೇರ ಓಟಕ್ಕೆ ಅಣಿಗೊಳಿಸುವವರು ಹೊಗೆ ಹೋಗುವ ಕಿಂಡಿಯನ್ನು ಅರದಿಂದ ಉಜ್ಜಿ ಎತ್ತರಿಸುತ್ತಾರೆ. ಹೊಟ್ಟೆ ಉಬ್ಬಿದ ಸೈಲೆನ್ಸರ್ ಜೋಡಿಸುತ್ತಾರೆ. ಹಿಂದಿನ ಸ್ಪ್ರಾಕೆಟ್ಟಿಗೆ ಹಲ್ಲು ಹೆಚ್ಚಿಸಿ ಎಳೆತವನ್ನು ಚುರುಕುಗೊಳಿಸುತ್ತಾರೆ. ಮುಂದಿನ ಚಕ್ರ ಮೇಲೇಳದಂತೆ ಹಿಂಗಾಲಿಯ ತೋಳನ್ನು ಉದ್ದ ಮಾಡುತ್ತಾರೆ. ಕಿಂಡಿ ಎತ್ತರವಾದಷ್ಟೂ ಮೇಲಿನ ಸುತ್ತಿನ ಬಲ ಹೆಚ್ಚುತ್ತದೆ, ಕೆಳಗಿನ ಸುತ್ತಿನ ಬಲ ಸೋರಿಹೋಗುತ್ತದೆ. ಹಾಗೆ ತಿದ್ದಿದ ಬೈಕು ಸಂತೆಗೂ ಹೊಲಕ್ಕೂ ಬಾರದು.

ಇಲ್ಲಿಯೂ ಗಾಳಿಯ ಲೆಕ್ಕ ತಪ್ಪದು. ಚಿಕ್ಕಬಳ್ಳಾಪುರ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಈ ಎತ್ತರಕ್ಕೆ ಗಾಳಿ ನೂರಕ್ಕೆ ಎಂಟರಷ್ಟು ತೆಳು. ರಾಷ್ಟ್ರೀಯ ಡ್ರ್ಯಾಗ್ ಪಂದ್ಯಗಳು ನಡೆದಿರುವುದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಪಥದಲ್ಲಿ, ತಗ್ಗಿನ ನೆಲದಲ್ಲಿ. ಇಲ್ಲಿ ಸರಿಯೆನಿಸಿದ ಜೆಟ್ಟು ಅಲ್ಲಿನ ದಟ್ಟ ಗಾಳಿಗೆ ಸಾಲದು. ಪೆಟ್ರೋಲು ಕಡಿಮೆಯಾಗಿ ಶಾಖವೇರಿ ಪಿಸ್ಟನ್ನಿನ ನೆತ್ತಿ ತೂತಾದೀತು. ಅಲ್ಲಿನ ಸೆಕೆಯಿಂದ ಈ ಅಂತರ ತುಸು ತಗ್ಗಬಹುದು, ಅಳಿಸಿಹೋಗದು. ಆದುದರಿಂದ ಬಲ್ಲವರು ದೊಡ್ಡ ಜೆಟ್ಟಿನಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಪ್ರತಿ ಸಲವೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾರೆ. ಕಾಫಿಪುಡಿಯ ಬಣ್ಣವಿದ್ದರೆ ಕ್ಷೇಮ, ಬಿಳಿಚಿದ್ದರೆ ಅಪಾಯ, ಮಸಿ ಹಿಡಿದಿದ್ದರೆ ಪೆಟ್ರೋಲು ಅತಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಗೂ ಒಂದು ಅಳತೆ. ಪ್ರತಿ ಅಳತೆಗೂ ಪುಸ್ತಕದಲ್ಲಿ ಒಂದು ಸಾಲು. ಇದೇ ಈ ವಿದ್ಯೆಯ ಸಾರ. ಜೆಟ್ಟು, ಸ್ಪ್ರಾಕೆಟ್ಟು, ಟೈರಿನ ಗಾಳಿ ಮೂರನ್ನೂ ಒಮ್ಮೆಗೇ ಬದಲಿಸಿದವನಿಗೆ ಬೈಕು ಏಕೆ ಚುರುಕಾಯಿತೆಂಬುದೂ ತಿಳಿಯದು, ಏಕೆ ಕೆಟ್ಟಿತೆಂಬುದೂ ತಿಳಿಯದು.

ಅಳತೆಗೆ ಬೇಕಾದುದು ಮುಚ್ಚಿದ ನೇರ ಪಥ, ಗಡಿಯಾರ, ಪಕ್ಕದಲ್ಲಿ ವೈದ್ಯ. ದೇವನಹಳ್ಳಿಯಿಂದ ಬಾಗೇಪಲ್ಲಿಗೆ ಚಾಚಿದ 44ನೆಯ ಹೆದ್ದಾರಿ ಎಷ್ಟೇ ನುಣುಪಾಗಿದ್ದರೂ ಅದು ಪಂದ್ಯದ ಪಥವಲ್ಲ. ಅಲ್ಲಿ ಎದುರಿಗೆ ಏನು ನಿಂತಿದೆಯೆಂದು ಯಾರೂ ಹೇಳಲಾರರು. 2023ರ ಅಕ್ಟೋಬರ್ 26ರ ಮಂಜಿನ ಬೆಳಗಿನಲ್ಲಿ ಚಿಕ್ಕಬಳ್ಳಾಪುರದ ಬಳಿ, ನಿಂತಿದ್ದ ಟ್ಯಾಂಕರಿಗೆ ಕಾರೊಂದು ಬಡಿದು 13 ಮಂದಿ ಅಸುನೀಗಿದರು. ಅಂದು ಅಲ್ಲಿ ಯಾವ ಪಂದ್ಯವೂ ಇರಲಿಲ್ಲ. ಪಂದ್ಯವಿಲ್ಲದೆಯೇ ಹೀಗಾಗುವ ದಾರಿಯಲ್ಲಿ ಪಂದ್ಯ ಕಟ್ಟುವುದನ್ನು ಏನೆನ್ನಬೇಕು? ಕಾನೂನೂ ಸುಮ್ಮನಿಲ್ಲ. ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ನಡೆಸಿದವರಿಗೆ, 2019ರ ತಿದ್ದುಪಡಿಯ ಪ್ರಕಾರ, ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು.

ವೇಗದ ಹಂಬಲ ತಾರುಣ್ಯಕ್ಕೆ ಸಹಜ. ಅದನ್ನು ಹಳಿಯುವುದರಿಂದ ಫಲವಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿದ ಹುಡುಗನಿಗೆ ಹಿರಿಯರು ಒಂದು ಲೆಕ್ಕದ ಪುಸ್ತಕವನ್ನೂ ಕೊಟ್ಟು, ಪಂದ್ಯದ ಪಥಕ್ಕೆ ಹೋಗುವ ದಾರಿಯನ್ನೂ ತೋರಿಸಿದರೆ ಅವನು ಎಂಜಿನಿಯರ್ ಆದಾನು. ಬೊಂಬಾರ್ಡಿಯರನ ಬಂಡಿಯ ಹಿಂದೆ ಮಗುವನ್ನು ಆಸ್ಪತ್ರೆಗೆ ಒಯ್ಯಲಾರದೆ ಹೋದ ತಂದೆಯ ಸಂಕಟವಿತ್ತು. ನಮ್ಮ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವ ಕೆಲಸವನ್ನು ನಮ್ಮ ಬಂಡಿಗಳು ಮಾಡದಿರಲಿ.