ಟೀ ಶರ್ಟ್ ಮೇಲೆ ಕನ್ನಡ: ಯಂತ್ರ ಕೊಳ್ಳುವುದೋ, ಫಿಲ್ಮ್ ತರಿಸುವುದೋ?



ಈಗೀಗ ಜಾತ್ರೆ ಇರಲಿ, ಗಣೇಶೋತ್ಸವ ಇರಲಿ, ಎದೆಯ ಮೇಲೆ ಬಣ್ಣದ ಚಿತ್ರ, ಬೆನ್ನ ಮೇಲೆ ಮಂಡಳದ ಹೆಸರು ಇರುವ ಟೀ ಶರ್ಟ್ ಹಾಕಿಕೊಂಡ ಹುಡುಗರು ಕಾಣುತ್ತಾರೆ. ಇವುಗಳಲ್ಲಿ ಬಹಳಷ್ಟು ಡಿಟಿಎಫ್, ಅಂದರೆ ಡೈರೆಕ್ಟ್ ಟು ಫಿಲ್ಮ್ ಮುದ್ರಣ. ಡಫಳಾಪುರದ ಕೆಲವು ಯುವಕರು ಮುದ್ರಾ ಸಾಲ ತೆಗೆದು ಈ ಯಂತ್ರ ತರುವ ವಿಚಾರದಲ್ಲಿದ್ದು, ಸಂಘದ ಅಭಿಪ್ರಾಯ ಕೇಳಿದ್ದಾರೆ. ಕೇಳಿದ್ದು ಒಳ್ಳೆಯದಾಯಿತು.

ಮೊದಲು ಸ್ಕ್ರೀನ್ ಪ್ರಿಂಟಿಂಗ್ ಒಂದೇ ದಾರಿ ಇತ್ತು. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಮಾಡಬೇಕು. ಆದ್ದರಿಂದ ಹತ್ತು ಹದಿನೈದು ಅಂಗಿಯ ಕೆಲಸ ಯಾರಿಗೂ ಬೇಡ. ನಮ್ಮಂಥ ಸಣ್ಣ ಸಂಘ ರಾಜ್ಯೋತ್ಸವಕ್ಕೆ ಇಪ್ಪತ್ತು ಅಂಗಿ ಕೇಳಿದರೆ, 'ನೂರಾದರೆ ಬನ್ನಿ' ಎನ್ನುತ್ತಿದ್ದರು. ಡಿಟಿಎಫ್‌ನಲ್ಲಿ ಈ ತೊಡಕಿಲ್ಲ. ಚಿತ್ರವನ್ನು ಪ್ಲಾಸ್ಟಿಕ್ ಫಿಲ್ಮ್ ಮೇಲೆ ತಿರುವುಮುರುವಾಗಿ ಮುದ್ರಿಸಿ, ಬಣ್ಣಗಳ ಮೇಲೆ ಬಿಳಿ ಇಂಕಿನ ಪದರ ಕೊಟ್ಟು, ಅಂಟಿನ ಪುಡಿ ಉದುರಿಸಿ ಕಾಯಿಸುತ್ತಾರೆ. ಆ ಫಿಲ್ಮನ್ನು ಅಂಗಿಯ ಮೇಲಿಟ್ಟು ಸುಮಾರು 150–160 ಡಿಗ್ರಿ ಶಾಖದಲ್ಲಿ 10–15 ಸೆಕೆಂಡು ಒತ್ತಿದರೆ ಮುಗಿಯಿತು. ಒಂದೇ ಅಂಗಿಯಾದರೂ ಆದೀತು. ಹತ್ತಿ, ಪಾಲಿಸ್ಟರ್, ಕಪ್ಪು, ಕೆಂಪು ಯಾವುದಕ್ಕೂ ನಡೆಯುತ್ತದೆ.

ಹಾಗಾದರೆ ಯಂತ್ರ ತರಬಾರದೇಕೆ? ಕಾರಣ ಆ ಬಿಳಿ ಇಂಕು. ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರವಾದದ್ದು. ಯಂತ್ರ ಸುಮ್ಮನೆ ನಿಂತರೆ ತಳಕ್ಕೆ ಕೂಡುತ್ತದೆ, ಪ್ರಿಂಟ್ ಹೆಡ್ಡಿನ ರಂಧ್ರ ಮುಚ್ಚುತ್ತದೆ. ಯಂತ್ರದಲ್ಲಿ ದುಬಾರಿ ಭಾಗವೇ ಆ ಹೆಡ್ಡು. ದಿನಾ ಕೆಲಸ ಇದ್ದವನಿಗೆ ಇದು ಸರಿ. ನಮ್ಮ ಕಡೆಯ ಬೇಡಿಕೆ ನೋಡಿ: ಫೆಬ್ರವರಿ 19ರ ಶಿವಜಯಂತಿ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ಗಣೇಶೋತ್ಸವ, ನವೆಂಬರ್ 1, ನಡುವೆ ಚುನಾವಣೆ ಬಂದರೆ ಬಂತು. ಹಬ್ಬದ ವಾರ ರಾತ್ರಿಯೆಲ್ಲ ಕೆಲಸ, ಆಮೇಲೆ ತಿಂಗಳುಗಟ್ಟಲೆ ಖಾಲಿ. ಅದರ ಮೇಲೆ ನಮ್ಮ ಬಯಲು ಸೀಮೆಯ ಧೂಳು, ಹೇಳದೆ ಹೋಗುವ ಕರೆಂಟು. ಮುದ್ರಾ ಸಾಲಕ್ಕೆ ಜಾಮೀನು ಬೇಡ ನಿಜ, ಕಂತು ಮಾತ್ರ ಖಾಲಿ ತಿಂಗಳಲ್ಲೂ ಬರುತ್ತದೆ.

ನಮ್ಮ ಸಲಹೆ ಇಷ್ಟು: ಪ್ರಿಂಟರ್ ಬೇಡ, ಹೀಟ್ ಪ್ರೆಸ್ ಒಂದನ್ನೇ ತನ್ನಿ. ಅದು ದೊಡ್ಡ ಇಸ್ತ್ರಿ ಇದ್ದ ಹಾಗೆ, ಕೆಡುವ ಭಾಗ ಕಡಿಮೆ. ಮುದ್ರಿಸಿದ ಫಿಲ್ಮನ್ನು ಪಟ್ಟಣದವರಿಂದ ಮೀಟರ್ ಲೆಕ್ಕದಲ್ಲಿ ತರಿಸಬಹುದು. 60 ಸೆಂ.ಮೀ. ಅಗಲದ ಒಂದು ಮೀಟರಿನಲ್ಲಿ 28 × 30 ಸೆಂ.ಮೀ. ಅಳತೆಯ ಆರು ಚಿತ್ರ ಕೂಡುತ್ತವೆ, ಉಳಿದ ಪಟ್ಟಿಯಲ್ಲಿ ಸಣ್ಣ ಲಾಂಛನಗಳು. ಫಿಲ್ಮ್ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಗಿರಾಕಿ ಬಂದಾಗ ಒತ್ತಿ ಕೊಟ್ಟರಾಯಿತು. ಲಾಭ ಕಡಿಮೆ, ಮುಳುಗುವ ಭಯವೂ ಕಡಿಮೆ. ತೆರಿಗೆ ಇಳಿದಿದೆ, ಅಂಗಿ ಅಗ್ಗವಾಗುತ್ತದೆ ಎಂದು ಒಬ್ಬರು ವಾದಿಸಿದರು. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಉಡುಪಿಗೆ 5% ಜಿಎಸ್‌ಟಿ ಆದದ್ದು ನಿಜ. ಆದರೆ 1000 ರೂಪಾಯಿಯೊಳಗಿನ ಅಂಗಿಗೆ ಮೊದಲಿನಿಂದಲೂ 5% ಇತ್ತು. ನಮ್ಮ ಅಂಗಿಗಳು ಅಲ್ಲೇ ಬರುತ್ತವೆ.

ಇನ್ನು ನಮಗೆ ಹೆಚ್ಚು ಚಿಂತೆಯ ವಿಷಯ. ಒಮ್ಮೆ ರಾಜ್ಯೋತ್ಸವದ ಅಂಗಿಗಳು ಬಂದಾಗ ಎದೆಯ ಮೇಲೆ 'ರಾಜ್‌ಯೋತ್‌ಸವ' ಎಂದಿತ್ತು. ಮುದ್ರಿಸಿದವರಿಗೆ ಕನ್ನಡ ಬಾರದು, ಅವರನ್ನು ದೂರುವುದು ಹೇಗೆ? ಯೂನಿಕೋಡ್ ಅಕ್ಷರವನ್ನು ಹಳೆಯ ವಿನ್ಯಾಸ ತಂತ್ರಾಂಶಕ್ಕೆ ಹಾಕಿದರೆ ಒತ್ತಕ್ಷರ ಬಿಚ್ಚಿಕೊಳ್ಳುತ್ತದೆ. ಹಳೆಯ ನುಡಿ, ಬರಹ ಫಾಂಟಿನ ಬರಹ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತದೆ. ಫಿಲ್ಮಿನಲ್ಲಿ ಅಕ್ಷರ ಉಲ್ಟಾ ಇರುವುದರಿಂದ ಅಲ್ಲಿಯೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕಚೇರಿಯಲ್ಲಿದ್ದಾಗ ರಬ್ಬರ್ ಸ್ಟ್ಯಾಂಪ್ ಬಂದ ಕೂಡಲೇ ರದ್ದಿ ಕಾಗದದ ಮೇಲೆ ಒತ್ತಿ ನೋಡುವ ಪದ್ಧತಿ ನಮಗೆ ಇತ್ತು. ಇಲ್ಲಿ ಒತ್ತಿದ ಮೇಲೆ ಅಂಗಿಯೇ ರದ್ದಿ. ಗಡಿಯ ಊರಿನಲ್ಲಿ, ಮರಾಠಿ ಶಾಲೆಗೆ ಹೋಗುವ ಮಕ್ಕಳು ಕನ್ನಡ ಅಕ್ಷರ ನೋಡುವುದೇ ಅಪರೂಪ. ಅವರು ಅಂಗಿಯ ಮೇಲಿನ ತಪ್ಪನ್ನೇ ಸರಿ ಎಂದು ಕಲಿತಾರು.

ಆದ್ದರಿಂದ ಅಕ್ಷರ ಕೂಡಿಸಿ ಕಳಿಸಬೇಡಿ, ಚಿತ್ರ ಮಾಡಿ ಕಳಿಸಿ: ನಿಜ ಅಳತೆ, 300 ಡಿಪಿಐ, ಹಿನ್ನೆಲೆ ಇಲ್ಲದ ಪಿಎನ್‌ಜಿ ಕಡತ. ಹಿನ್ನೆಲೆಗೆ ದೊಡ್ಡ ಬಣ್ಣದ ಚೌಕ ಬೇಡ. ಗಾಳಿಯಾಡದೆ ಬಿಸಿಲಲ್ಲಿ ಎದೆಯೆಲ್ಲ ಬೆವರು. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಒಗೆಯಿರಿ. ಕಲ್ಲಿಗೆ ಬಡಿಯಬೇಡಿ, ಮುದ್ರಣದ ಮೇಲೆ ಇಸ್ತ್ರಿ ಇಡಬೇಡಿ.

ರಾಜ್ಯೋತ್ಸವದ ಅಂಗಿ ಬೇಕಾದವರು ದಸರಾ ಮುಗಿದ ವಾರದೊಳಗೆ ಹೆಸರು, ಅಳತೆಗಳನ್ನು ಸಂಘದ ವಹಿಯಲ್ಲಿ ಬರೆಸಬೇಕು. ಬೆನ್ನ ಮೇಲಿನ ಹೆಸರನ್ನು ಕೈಯಿಂದ, ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಕರಡು ಪ್ರತಿಯನ್ನು ಫಲಕಕ್ಕೆ ಹಚ್ಚುತ್ತೇವೆ. ಇಬ್ಬರು ಓದಿ ಸಹಿ ಮಾಡಿದ ಮೇಲೆಯೇ ಫಿಲ್ಮಿಗೆ ಹೋಗುತ್ತದೆ.

– ಕಾರ್ಯದರ್ಶಿ