ಟೇಬಲ್ ಮೇಲೆ ಇಡೋದಾ, ಪಕ್ಕಕ್ಕೆ ಇಡೋದಾ?

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ. ಸಾಫ್ಟ್‌ವೇರ್ ಕಂಪನಿಗೆ ಸೇರಿ ಎರಡು ವರ್ಷ. ಕ್ಲೈಂಟ್ ಅಮೆರಿಕದವರು. ರಾತ್ರಿ ಒಂಬತ್ತೂವರೆಯ ಕಾಲ್‌ನಲ್ಲಿ ಇವರು ಹೊಸ ಐಡಿಯಾ ಒಂದನ್ನು ಹೇಳಿದರು. ಆ ಕಡೆಯ ಮ್ಯಾನೇಜರ್, "ಇಂಟರೆಸ್ಟಿಂಗ್, ಲೆಟ್ಸ್ ಟೇಬಲ್ ದಿಸ್" ಎಂದರು. ಇವರಿಗೆ ಖುಷಿಯೋ ಖುಷಿ. ಟೇಬಲ್ ಮಾಡೋಣ ಅಂದ್ರೆ ಚರ್ಚೆಗೆ ಇಡೋಣ ಅಂತ ತಾನೆ? ಬೆಳಗಿನ ಜಾವದ ತನಕ ಕೂತು ಹದಿನಾಲ್ಕು ಸ್ಲೈಡ್ ಮಾಡಿದರು. ಮರುದಿನ ಸ್ಕ್ರೀನ್ ಶೇರ್ ಮಾಡಿದರೆ ಆ ಕಡೆಯಿಂದ ಬಂದದ್ದು ಮೌನ. ಆಮೇಲೆ, "ಐ ಥಾಟ್ ವಿ ಟೇಬಲ್ಡ್ ಇಟ್" ಎಂಬ ಒಂದು ಮಾತು. ಕಾಲ್ ಮುಗಿದ ಮೇಲೆ ಟೀಮ್ ಲೀಡ್ ಕರೆದು, "ಹೇಳಿದ್ದನ್ನ ಸರಿಯಾಗಿ ಕೇಳಿಸಿಕೊಳ್ಳಮ್ಮ" ಅಂದರಂತೆ. ಅವರ ಪ್ರಶ್ನೆ ಇಷ್ಟೇ: "ನನ್ನ ಇಂಗ್ಲಿಷ್ ಅಷ್ಟು ಕೆಟ್ಟದಾಗಿದೆಯಾ?"

ಇಲ್ಲ ಕಣ್ರೀ. ನಿಮ್ಮ ಇಂಗ್ಲಿಷೂ ಸರಿ ಇದೆ, ಅವರದ್ದೂ ಸರಿ ಇದೆ. ತೊಂದರೆ ಇರುವುದು ಆ ಪದದಲ್ಲಿ.

ಬ್ರಿಟಿಷ್ ಇಂಗ್ಲಿಷಿನಲ್ಲಿ 'ಟೇಬಲ್' ಎಂಬ ಕ್ರಿಯಾಪದಕ್ಕೆ ಮಂಡಿಸು, ಚರ್ಚೆಗೆ ಮುಂದಿಡು ಎಂದರ್ಥ. ನಾವು ಕಲಿತದ್ದೂ ಅದನ್ನೇ. ಸಿಎಜಿ ವರದಿ ವಿಧಾನಸಭೆಯಲ್ಲಿ 'ಟೇಬಲ್ಡ್' ಅಂತ ಇಂಗ್ಲಿಷ್ ಪತ್ರಿಕೆ ಬರೆದರೆ, ಕನ್ನಡ ಪತ್ರಿಕೆ 'ವರದಿ ಮಂಡನೆ' ಎಂದು ಬರೆಯುತ್ತದೆ. ಅಮೆರಿಕದಲ್ಲಿ ಇದೇ ಪದಕ್ಕೆ ನೇರ ವಿರುದ್ಧದ ಅರ್ಥ: ಸದ್ಯಕ್ಕೆ ಬಿಡೋಣ, ಪಕ್ಕಕ್ಕಿಡೋಣ. ನಮ್ಮ ಆ ಸುದ್ದಿಯನ್ನು ಅಮೆರಿಕದವನೊಬ್ಬ ಓದಿದರೆ, ಪಾಪ, ವರದಿಯನ್ನು ಮೂಲೆಗೆ ಹಾಕಿಬಿಟ್ಟರು ಅಂದುಕೊಂಡಾನು. (ಕೆಲವು ವರದಿಗಳ ವಿಷಯದಲ್ಲಿ ಅವನು ಅಂದುಕೊಂಡದ್ದೇ ನಿಜವಾಗಬಹುದು, ಅದು ಬೇರೆ ಮಾತು.)

ಎರಡೂ ಅರ್ಥ ಹುಟ್ಟಿದ್ದು ಸಭೆಯ ಮೇಜಿನ ಮೇಲೇ. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಸ್ಪೀಕರ್ ಪೀಠದ ಮುಂದೆ ಒಂದು ಮೇಜಿದೆ. ಕಾಗದ ಅದರ ಮೇಲೆ ಬಂತು ಅಂದ್ರೆ ಸದನದ ಮುಂದೆ ಬಂತು ಅಂತಲೇ ಲೆಕ್ಕ. ನಮ್ಮ ಸದನಗಳೂ ಆ ಪದ್ಧತಿಯನ್ನೇ ಇಟ್ಟುಕೊಂಡಿವೆ. ಅಮೆರಿಕದ ಸಭೆಗಳಲ್ಲಿ 'ಲೇ ಆನ್ ದ ಟೇಬಲ್' ಎಂಬುದು ಬೇರೆ ದಾರಿ ಹಿಡಿಯಿತು. ಹೆನ್ರಿ ರಾಬರ್ಟ್ ಎಂಬ ಸೇನಾ ಇಂಜಿನಿಯರ್ 1876ರಲ್ಲಿ ಸಭಾ ನಿಯಮಗಳ ಒಂದು ಪುಸ್ತಕ ಪ್ರಕಟಿಸಿದ. 'ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್' ಎಂಬ ಆ ಪುಸ್ತಕ ಅಲ್ಲಿನ ಸಂಘ-ಸಂಸ್ಥೆಗಳಿಗೆ ಇವತ್ತಿಗೂ ಆಧಾರ. ಅದರ ಪ್ರಕಾರ, ತುರ್ತಾದ ಇನ್ನೊಂದು ವಿಷಯ ಬಂದಾಗ ಕೈಯಲ್ಲಿರುವ ವಿಷಯವನ್ನು ಸ್ವಲ್ಪ ಹೊತ್ತು ಮೇಜಿನ ಮೇಲಿಟ್ಟು, ಆಮೇಲೆ ಮತ್ತೆ ಎತ್ತಿಕೊಳ್ಳಬಹುದು. ನಿಯಮದಲ್ಲಿ 'ಸ್ವಲ್ಪ ಹೊತ್ತು' ಅಂತಲೇ ಇದ್ದರೂ ಬಳಕೆಯಲ್ಲಿ ಏನಾಯಿತು ಅಂತ ಊಹಿಸಬಹುದು. ನಮ್ಮಲ್ಲಿ "ಆಮೇಲೆ ನೋಡೋಣ ಬಿಡಿ" ಅಂದ ಕಡತದ ಗತಿ ಏನಾಗುತ್ತದೋ ಅದೇ ಆಯಿತು.

ಓದುಗ ಸೋದರಿಗೆ ಸಮಾಧಾನವಾಗಲಿ ಅಂತ ಒಂದು ದೊಡ್ಡವರ ಕಥೆ. ಎರಡನೇ ಮಹಾಯುದ್ಧದ ಸಮಯದಲ್ಲಿ ಬ್ರಿಟನ್ ಮತ್ತು ಅಮೆರಿಕದ ಸೇನಾಧಿಕಾರಿಗಳು ಒಟ್ಟಿಗೆ ಕೂತಿದ್ದರು. ಒಂದು ಟಿಪ್ಪಣಿಯನ್ನು ತಕ್ಷಣ ಚರ್ಚಿಸಬೇಕೆಂದು ಬ್ರಿಟಿಷರು 'ಟೇಬಲ್' ಮಾಡಲು ಹೊರಟರು. ಇದು ಮುಖ್ಯ ವಿಷಯ, ಟೇಬಲ್ ಮಾಡಲೇಬಾರದು ಅಂತ ಅಮೆರಿಕದವರು ಪಟ್ಟು ಹಿಡಿದರು. ಜಗಳ ಬಹಳ ಹೊತ್ತು ನಡೆಯಿತು, ಮಾತು ಬಿಸಿಯಾಯಿತು. ಕೊನೆಗೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ! ಇದನ್ನು ಬರೆದಿಟ್ಟವರು ಸ್ವತಃ ಚರ್ಚಿಲ್, ತಮ್ಮ ಯುದ್ಧದ ನೆನಪುಗಳ ಮೂರನೇ ಸಂಪುಟದಲ್ಲಿ. ಇಂಗ್ಲಿಷನ್ನೇ ಮಾತಾಡಿಕೊಂಡು ಹುಟ್ಟಿದವರ ಪಾಡೇ ಹೀಗಾದರೆ, ಟೀಮ್ ಲೀಡ್ ಮಾತಿಗೆ ನೀವು ತಲೆ ತಗ್ಗಿಸಬೇಕಾಗಿಲ್ಲ. ಆ ಕಾಲ್‌ನಲ್ಲಿ ಅವರೂ ಇದ್ದರಲ್ಲ, ಅವರೇಕೆ ಆಗಲೇ ಹೇಳಲಿಲ್ಲ?

ಹಾಗಾದ್ರೆ ಏನು ಮಾಡೋದು? ಕ್ಲೈಂಟ್ ಲಂಡನ್ನಿನವರೋ ಸಿಡ್ನಿಯವರೋ ಆದರೆ 'ಮುಂದಿಡು' ಅಂತ ತಿಳಿಯಿರಿ. ಅಮೆರಿಕದವರಾದರೆ 'ಪಕ್ಕಕ್ಕಿಡು'. ಕೆನಡಾದಲ್ಲಿ ಎರಡೂ ಓಡಾಡುತ್ತವೆ. ಮೂರು ದೇಶದವರು ಒಂದೇ ಕಾಲ್‌ನಲ್ಲಿದ್ದರೆ ಈ ಪದವನ್ನು ಕ್ರಿಯಾಪದವಾಗಿ ಬಳಸಲೇಬೇಡಿ. ಬೇರೆಯವರು ಬಳಸಿದರೆ, "ಇವತ್ತೇ ಮಾತಾಡೋಣವಾ, ಮುಂದಿನ ವಾರಕ್ಕೆ ಹಾಕೋಣವಾ?" ಅಂತ ದಿನ ಹಿಡಿದು ಕೇಳಿಬಿಡಿ. ದಡ್ಡರ ಪ್ರಶ್ನೆ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಒಂದು ರಾತ್ರಿಯ ನಿದ್ದೆ ಉಳಿಯುತ್ತದೆ.

ಈ ಪದದ ಬುಡಕ್ಕೆ ಹೋದರೆ ಸಿಗುವುದು ಲ್ಯಾಟಿನ್ನಿನ 'ಟಾಬುಲಾ'. ಅಂದ್ರೆ ಹಲಗೆ. ನಮ್ಮ 'ಹಲಗೆ'ಯನ್ನೇ ನೋಡಿ: ಮರದ ಹಲಗೆಯೂ ಹೌದು, ಬರೆಯುವ ಹಲಗೆಯೂ ಹೌದು. ಕುಮಾರವ್ಯಾಸ ತಾನು ಮುಟ್ಟಲಿಲ್ಲವೆಂದು ಹೆಮ್ಮೆಪಟ್ಟದ್ದು ಈ ಎರಡನೆಯದನ್ನು. ಟಾಬುಲಾಕ್ಕೂ ಹೀಗೇ ಎರಡು ಮುಖ. ವಸ್ತು ಇಡುವ ಹಲಗೆ ಮೇಜಾಯಿತು, ಬರೆಯುವ ಹಲಗೆ ಪಟ್ಟಿಯಾಯಿತು. ಟೈಮ್‌ಟೇಬಲ್, ಎಕ್ಸೆಲ್ ಟೇಬಲ್, ಪಿಯುಸಿಯಲ್ಲಿ ಲಾಗ್ ನೋಡಲು ತಿರುವಿ ತಿರುವಿ ಹರಿದುಹೋದ ಕ್ಲಾರ್ಕ್ಸ್ ಟೇಬಲ್, ಎಲ್ಲ ಈ ಎರಡನೇ ಮನೆಯವು. ಮಗ್ಗಿಯೂ ಅಷ್ಟೇ. ಈಗಿನ ಮಕ್ಕಳನ್ನು "ಹದಿಮೂರರ ಮಗ್ಗಿ ಹೇಳು" ಅಂದರೆ ನೂಡಲ್ಸ್ ನೆನಪಾಗಿ ನಗುತ್ತಾರೆ. "ಟೇಬಲ್ಸ್ ಹೇಳು" ಅಂದರೆ ಮಾತ್ರ ಮುಖ ಸಪ್ಪಗಾಗುತ್ತದೆ. ಚಿಕ್ಕ ಹಲಗೆ 'ಟ್ಯಾಬ್ಲೆಟ್' ಆಗಿ, ಮಾತ್ರೆಗೂ ಹೆಸರಾಗಿ, ಈಗ ಕೈಯಲ್ಲಿ ಹಿಡಿದು ಸಿನಿಮಾ ನೋಡುವ ಸಾಧನಕ್ಕೂ ಹೆಸರಾಗಿದೆ. 'ಟ್ಯಾಬ್ಲಾಯ್ಡ್' ಎಂಬುದು ಮೊದಲು ಒಂದು ಬ್ರಿಟಿಷ್ ಔಷಧ ಕಂಪನಿ 1884ರಲ್ಲಿ ತನ್ನ ಅಡಕ ಮಾತ್ರೆಗಳಿಗೆ ನೋಂದಾಯಿಸಿದ ಹೆಸರು. ಸುದ್ದಿಯನ್ನು ಅಡಕವಾಗಿ ಕೊಡುವ ಚಿಕ್ಕ ಪತ್ರಿಕೆಗಳಿಗೆ ಅದು ಅಂಟಿಕೊಂಡದ್ದು ಆಮೇಲೆ.

'ಟರ್ನ್ ದ ಟೇಬಲ್ಸ್' ಅಂದರೆ ಮೇಜು ಉರುಳಿಸುವುದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ಬ್ಯಾಕ್‌ಗ್ಯಾಮನ್ ಜಾತಿಯ ದಾಳದಾಟಗಳಿಗೆ ಹಿಂದೆ 'ಟೇಬಲ್ಸ್' ಎಂದೇ ಹೆಸರಿತ್ತು. ಆಟದ ಮಣೆಯನ್ನು ತಿರುಗಿಸಿಬಿಟ್ಟರೆ ಸೋಲುತ್ತಿದ್ದವನ ಜಾಗ ಗೆಲ್ಲುವವನದ್ದಾಗುತ್ತದೆ. ನಾವೂ 'ಆಟವೇ ತಿರುಗಿಬಿತ್ತು' ಅಂತೀವಲ್ಲ, ಅದೇ. 'ಅಂಡರ್ ದ ಟೇಬಲ್'ಗೆ ವಿವರಣೆ ಬೇಡ, ಸೈಟ್ ರಿಜಿಸ್ಟ್ರೇಷನ್ನಿಗೆ ಓಡಾಡಿದವರಿಗೆ ಗೊತ್ತು.

'ಪುಟ್ ಫುಡ್ ಆನ್ ದ ಟೇಬಲ್' ಅಂದರೆ ಸಂಸಾರ ಸಾಕುವುದು. ನಮಗೆ ಅದು 'ಒಲೆ ಉರಿಯಬೇಕಲ್ಲ'. ನಮ್ಮದು ನೆಲದ ಮೇಲೆ ಎಲೆ ಹಾಕಿ ಕೂತು ಉಂಡ ಭಾಷೆ, ಅದಕ್ಕೇ ನಮ್ಮ ಊಟದ ಮಾತುಗಳಲ್ಲಿ ಒಲೆ, ಎಲೆ, ಪಂಕ್ತಿಗಳೇ ಹೆಚ್ಚು. 'ಎ ಸೀಟ್ ಅಟ್ ದ ಟೇಬಲ್' ಎಂಬ ಮಾತನ್ನು ಕಾರ್ಪೊರೇಟ್ ಭಾಷಣಗಳಲ್ಲಿ ಈಗ ಧಾರಾಳವಾಗಿ ಕೇಳುತ್ತೀರಿ, ತೀರ್ಮಾನ ಮಾಡುವ ಕಡೆ ನಮಗೂ ಜಾಗ ಬೇಕು ಅನ್ನುವುದಕ್ಕೆ. 'ಪಂಕ್ತಿಭೇದ' ಎಂಬ ಪದ ಇರುವ ಭಾಷೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರನ್ನು ಜೊತೆಗೆ ಕೂರಿಸುತ್ತಾರೆ, ಯಾರನ್ನು ಕೂರಿಸುವುದಿಲ್ಲ ಎಂಬುದರ ನೋವು ಮೇಜಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇನ್ನೆರಡು ನುಡಿಗಟ್ಟು ನಿಮ್ಮ ಜೇಬಿಗೆ ಸಂಬಂಧಪಟ್ಟವು. ಇಂಟರ್‌ವ್ಯೂನಲ್ಲಿ "ವಾಟ್ ಡು ಯು ಬ್ರಿಂಗ್ ಟು ದ ಟೇಬಲ್?" ಅಂದರೆ ನಿಮ್ಮಿಂದ ನಮಗೇನು ಉಪಯೋಗ ಅಂತ. ಪದವಿಗಳ ಪಟ್ಟಿ ಓದಬೇಡಿ, ಮಾಡಿ ತೋರಿಸಿದ ಒಂದು ಕೆಲಸ ಹೇಳಿ. ಇನ್ನೊಂದು, 'ಲೀವ್ ಮನಿ ಆನ್ ದ ಟೇಬಲ್'. ದುಡ್ಡು ಮರೆತು ಬರುವುದಲ್ಲ, ಇನ್ನೂ ಸಿಗಬಹುದಾಗಿದ್ದ ಹಣಕ್ಕೆ ಬಾಯಿಬಿಡದೆ ಒಪ್ಪಿಕೊಂಡು ಬರುವುದು. ಹೊಸ ಕಂಪನಿಯ ಆಫರ್ ನೋಡಿದ ಕೂಡಲೇ ಸಂಕೋಚಕ್ಕೆ 'ಓಕೆ ಸರ್' ಅಂದುಬಿಡುವ ನಮ್ಮ ಹುಡುಗ-ಹುಡುಗಿಯರು ಮಾಡುವುದು ಇದನ್ನೇ. "ಸ್ವಲ್ಪ ಜಾಸ್ತಿ ಆಗುತ್ತಾ ನೋಡಿ" ಅಂತ ಒಂದು ಸಲ ಕೇಳಿ.

ಮುಂದಿನ ವಾರ 'ಸ್ಯಾಂಕ್ಷನ್'. ಅದಕ್ಕೂ ಎರಡು ನಾಲಗೆ: ಲೋನ್ ವಿಷಯದಲ್ಲಿ ಬಂದರೆ ಮಂಜೂರು, ದೇಶದ ಮೇಲೆ ಬಂದರೆ ದಿಗ್ಬಂಧನ. ನಿಮ್ಮ ಆಫೀಸಿನಲ್ಲಿ ತಲೆ ಕೆಡಿಸಿದ ಪದ ಇದ್ದರೆ ಬರೆದು ಕಳಿಸಿ.